‘ಹತ್ತನೆಯ ತಾರೀಖೇ’ ಮತ್ತು ‘ಓನ್ಲಿ’

ಕಳೆದ ಸಲ ಅಡಿಕೆ ಕೊಯ್ಲಿನ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತೀರ್ಥಹಳ್ಳಿ ಕಡೆಯ ತನ್ನ ಊರಿನಿಂದ ಶಿವಮೊಗ್ಗದ ನಮ್ಮ ಮನೆಗೆ ಬಂದು, ಮೊಬೈಲನ್ನು ನನ್ನ ಮುಂದೆ ಹಿಡಿದು, ‘ಇದನ್ನ ಸ್ವಲ್ಪ ಓದಿ ನೋಡಿ ಮೇಷ್ಟ್ರೇ’ ಎಂದ. ದೂರದ ಊರಿನ ಸಂಸ್ಥೆಯೊಂದರಲ್ಲಿ ಅವನಿಗೆ ತರಬೇತಿಯ ಅವಕಾಶ ಸಿಗುವುದರಲ್ಲಿತ್ತು. ಅಂಕಪಟ್ಟಿಗಳ ಪ್ರತಿಗಳನ್ನು ಕಳಿಸಬೇಕೆಂದು ಅವರು ಎಂಟನೆಯ ತಾರೀಖಿನಂದು ಪತ್ರ ಬರೆದಿದ್ದರು. ಇವನು ಪೇಟೆಗೆ ಬಂದು, ಸ್ಕ್ಯಾನ್ ಮಾಡಿಸಿ, ಹತ್ತನೆಯ ತಾರೀಖು ಕಳಿಸಿಬಿಟ್ಟಿದ್ದ. ಹೇಗೋ ಅದು ಅವರಿಗೆ ತಲುಪಿರಲಿಲ್ಲ. ಕೆಲವು ದಿನಗಳ ಮೇಲೆ ಅವರು ಮತ್ತೆ ನೆನಪಿಸಿ ಬರೆದಾಗ ಇವನು ಕೊಟ್ಟ ಉತ್ತರದಲ್ಲಿ ಒಂದು ವಾಕ್ಯ ಹೀಗಿತ್ತು: ‘ಐ ಸೆಂಟ್ ದ ಮಾರ್ಕ್ಸ್ ಕಾರ್ಡ್ಸ್ ಆನ್ ದ ಟೆಂತ್ ಓನ್ಲಿ.’ ಅದಕ್ಕೆ ಬಂದ ಮರುಪತ್ರದಲ್ಲಿ, ಹತ್ತನೆಯ ತಾರೀಖಿನವರೆಗೆ ಕಳಿಸದೆ ಇದ್ದುದಕ್ಕೆ ಕಾರಣವೇನೆಂದು ಕೇಳಿದ್ದರು. ‘ಹತ್ತನೇ ತಾರೀಖೇ ಕಳ್ಸಿದೀನಿ ಅಂತ ಬರೆದ್ರೆ ಯಾಕೆ ತಡ ಮಾಡಿದ್ದು ಅಂತ ಕೇಳ್ತಾರಲ್ಲ ಮೇಷ್ಟ್ರೇ’ ಎಂದು ಅವನು ನಿಜಕ್ಕೂ ನೊಂದುಕೊಂಡು ಹೇಳಿದ.

ಆ ವಾಕ್ಯದಲ್ಲಿ ಕಾಗುಣಿತದ ತಪ್ಪಿರಲಿಲ್ಲ, ಕಾಲದ ತಪ್ಪಿರಲಿಲ್ಲ. ಕೊನೆಯ ಒಂದು ಪದ ಮಾತ್ರ ಅವನು ಹೇಳಬೇಕೆಂದುಕೊಂಡದ್ದಕ್ಕೆ ಸರಿಯಾಗಿ ವಿರುದ್ಧವಾದುದನ್ನು ಹೇಳಿತ್ತು. ‘ಹತ್ತನೆಯ ತಾರೀಖೇ ಕಳಿಸಿದ್ದೇನೆ’ ಎಂದು ಕನ್ನಡದಲ್ಲಿ ಹೇಳಿದಾಗ ‘ಅಷ್ಟು ಬೇಗ, ನೀವು ಕೇಳಿದ ಎರಡೇ ದಿನಕ್ಕೆ’ ಎಂಬ ಅರ್ಥ ನಮ್ಮ ಕಿವಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ತಾರೀಖಿನ ಜೊತೆಗೆ ‘ಓನ್ಲಿ’ ಬಂದರೆ ‘ಹತ್ತನೆಯ ತಾರೀಖಿನವರೆಗೆ ಕಳಿಸಲೇ ಇಲ್ಲ, ಅಂದಷ್ಟೇ ಕಳಿಸಿದ್ದು’ ಎಂಬ ಅರ್ಥ ಓದುವವರಿಗೆ ಬರುತ್ತದೆ. ‘ತಾರೀಖೇ’ ಎಂಬುದರ ಕೊನೆಗಿರುವ ನಮ್ಮ ‘ಏ’ ಬೇಗ ಆಯಿತೆಂದು ಹೇಳಿದ ಜಾಗದಲ್ಲಿ ಅವರ ‘ಓನ್ಲಿ’ ತಡವಾಯಿತೆಂದು ಹೇಳಿತು. ಇಂಗ್ಲಿಷ್ ಕಲಿಯುವ ಕನ್ನಡದ ಮಕ್ಕಳು ಮೊದಮೊದಲೇ ಕಲಿತು ಎಲ್ಲಕ್ಕಿಂತ ಹೆಚ್ಚು ಧೈರ್ಯದಿಂದ ಬಳಸುವ ಕ್ರಿಯಾವಿಶೇಷಣಗಳಲ್ಲಿ ಇದೂ ಒಂದು. ಅದನ್ನು ಸರಿಯಾಗಿ ಬಳಸಲು ಇಂಗ್ಲಿಷ್ ವ್ಯಾಕರಣ ಎಷ್ಟು ಬೇಕೋ, ನಾವು ದಿನವೂ ಆಡುವ ಕನ್ನಡದ ‘ಏ’ ಏನೇನು ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆಯೂ ಅಷ್ಟೇ ಬೇಕು.

ಮೊದಲು ‘ಓನ್ಲಿ’ಯ ಹುಟ್ಟನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಆನ್’ ಎಂದರೆ ಒಂದು, ‘ಲಿಕ್’ ಎಂದರೆ ಅಂಥದು, ಆ ಬಗೆಯದು. ಇವೆರಡೂ ಕೂಡಿ ಆದ ‘ಆನ್‌ಲಿಕ್’ ಎಂಬುದೇ ಮುಂದೆ ‘ಓನ್ಲಿ’ ಆಯಿತು. ಅಂದರೆ ಇದರ ಹೊಟ್ಟೆಯೊಳಗೆ ‘ವನ್’ ಎಂಬ ಸಂಖ್ಯೆಯೇ ಕೂತಿದೆ. ಒಂದು ಎಂದ ಮೇಲೆ ಎರಡನೆಯದಕ್ಕೆ ಅಲ್ಲಿ ಜಾಗವಿಲ್ಲ. ನಮ್ಮ ‘ಮಾತ್ರ’ ಸಂಸ್ಕೃತದಿಂದ ಬಂದದ್ದು. ಅದರ ಮೂಲದ ಅರ್ಥ ಅಳತೆ. ‘ಅಷ್ಟೇ’ ಎಂಬುದರಲ್ಲಿಯೂ ಅಳತೆಯೇ ಇದೆ. ಅವರು ಎಣಿಕೆಯಿಂದ ಹೊರಟರು, ನಾವು ಅಳತೆಯಿಂದ ಹೊರಟೆವು, ಆದರೆ ಎರಡೂ ಬಂದು ನಿಂತದ್ದು ಒಂದೇ ಕಡೆ: ಇಷ್ಟು, ಇದರಾಚೆಗೆ ಇಲ್ಲ. ಆದುದರಿಂದ ‘ಓನ್ಲಿ’ಗೆ ಕನ್ನಡದಲ್ಲಿ ಸರಿಯಾದ ಜೊತೆ ‘ಮಾತ್ರ’, ‘ಅಷ್ಟೇ’, ‘ಬರೀ’, ‘ಕೇವಲ’ ಎಂಬ ಪದಗಳು. ಈ ನಾಲ್ಕರಲ್ಲಿ ಯಾವುದಾದರೂ ಒಂದು ಕೂರುವ ಜಾಗದಲ್ಲಿ ‘ಓನ್ಲಿ’ ಕೂರುತ್ತದೆ.

‘ಏ’ ಹಾಗಲ್ಲ. ಶಾಲೆಯ ವ್ಯಾಕರಣದಲ್ಲಿ ಇದನ್ನು ಅವಧಾರಣಾರ್ಥಕ ಅವ್ಯಯ ಎಂದು ಕಲಿಸುತ್ತೇವೆ. ಅವಧಾರಣೆ ಎಂದರೆ ಒತ್ತಿ ಹೇಳುವುದು, ನಿಶ್ಚಯಿಸಿ ಹೇಳುವುದು. ‘ಓನ್ಲಿ’ ತೋಟದ ಸುತ್ತ ಹಾಕಿದ ಬೇಲಿಯಂತೆ ಉಳಿದ ಎಲ್ಲವನ್ನೂ ಹೊರಗಿಡುತ್ತದೆ. ‘ಏ’ ಆ ತೋಟದಲ್ಲಿ ನಿಂತು ಒಂದು ಮರದ ಕಡೆ ಬೆರಳು ಮಾಡುತ್ತದೆ. ಬೆರಳು ಮಾಡಿದ ಮಾತ್ರಕ್ಕೆ ಉಳಿದ ಮರಗಳು ಇಲ್ಲವೆಂದಾಗುವುದಿಲ್ಲ. ಕೆಲವು ಸಲ ಬೆರಳು ಮಾಡಿದ್ದೂ ಬೇಲಿ ಹಾಕಿದ್ದೂ ಒಂದೇ ಆಗಬಹುದು. ‘ನನ್ನ ಹತ್ತಿರ ಹತ್ತೇ ರೂಪಾಯಿ ಇರುವುದು’ ಎಂಬಲ್ಲಿ ‘ಏ’ಗೆ ‘ಮಾತ್ರ’ ಎಂಬುದೇ ಅರ್ಥ. ಹಾಗೆ ಆಗುವುದರಿಂದಲೇ ನಾವು ಮೋಸಹೋಗುತ್ತೇವೆ. ಕೆಲವು ಕಡೆ ಸರಿಹೋದದ್ದನ್ನು ಎಲ್ಲ ಕಡೆಗೂ ಒಯ್ಯುತ್ತೇವೆ.

ಇದಕ್ಕೆ ನಾನು ತರಗತಿಯಲ್ಲಿ ಹೇಳಿಕೊಡುವ ಪರೀಕ್ಷೆ ಸುಲಭವಾದದ್ದು. ಮನಸ್ಸಿಗೆ ಬಂದ ಕನ್ನಡ ವಾಕ್ಯದ ‘ಏ’ಯನ್ನು ತೆಗೆದು ಆ ಜಾಗದಲ್ಲಿ ‘ಮಾತ್ರ’ ಎಂದು ಇಟ್ಟು ನೋಡಬೇಕು. ‘ಹತ್ತೇ ರೂಪಾಯಿ ಇದೆ’ ಎಂಬುದು ‘ಹತ್ತು ರೂಪಾಯಿ ಮಾತ್ರ ಇದೆ’ ಎಂದಾದರೂ ಅರ್ಥ ಕೆಡುವುದಿಲ್ಲ; ಅಲ್ಲಿ ‘ಓನ್ಲಿ’ ಹಾಕಬಹುದು. ‘ನಾನು ಇಲ್ಲೇ ಇದ್ದೇನೆ’ ಎಂಬುದನ್ನು ‘ನಾನು ಇಲ್ಲಿ ಮಾತ್ರ ಇದ್ದೇನೆ’ ಎಂದು ಮಾಡಿದರೆ ಅದು ಯಾರೂ ಆಡದ ಮಾತಾಗುತ್ತದೆ. ಅಲ್ಲಿ ‘ಐ ಆಮ್ ಹಿಯರ್ ಓನ್ಲಿ’ ಕೂಡದು, ‘ಐ ಆಮ್ ರೈಟ್ ಹಿಯರ್’ ಎನ್ನಬೇಕು. ನನ್ನ ವಿದ್ಯಾರ್ಥಿಯ ವಾಕ್ಯಕ್ಕೂ ಇದೇ ಪರೀಕ್ಷೆ ಒಡ್ಡಿ: ‘ಹತ್ತನೆಯ ತಾರೀಖು ಮಾತ್ರ ಕಳಿಸಿದೆ.’ ಅವನು ಹೇಳಹೊರಟದ್ದು ಇದಾಗಿರಲಿಲ್ಲ ಎಂಬುದು ತಕ್ಷಣ ತಿಳಿಯುತ್ತದೆ.

ಹಾಗಾದರೆ ಬೆರಳು ಮಾಡುವ ‘ಏ’ಯನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಅದಕ್ಕೆ ಒಂದೇ ಪದವಿಲ್ಲ ಎಂಬುದು ಕಲಿಯುವವರಿಗೆ ಮೊದಲು ಮನದಟ್ಟಾಗಬೇಕು. ನಾವು ಒಂದು ಅಕ್ಷರದಲ್ಲಿ ಮಾಡುವ ಕೆಲಸವನ್ನು ಆ ಭಾಷೆ ಹಲವರಿಗೆ ಹಂಚಿಕೊಟ್ಟಿದೆ. ‘ಈ ಕಾಗದ ಬರೆದವನು ಅವನೇ’ ಎಂಬುದಕ್ಕೆ ‘ಹಿ ಓನ್ಲಿ ರೋಟ್ ದಿಸ್ ಲೆಟರ್’ ಎಂದರೆ, ಅವನು ಬರೆದ ಅಷ್ಟೇ, ಬೇರೇನೂ ಮಾಡಲಿಲ್ಲ ಎಂಬ ಅರ್ಥ ಹೊರಡುವ ಸಂಭವವಿದೆ. ‘ಹಿ ಈಸ್ ದ ವನ್ ಹೂ ರೋಟ್ ದಿಸ್ ಲೆಟರ್’ ಎಂಬುದು ಸರಿಯಾದ ದಾರಿ. ‘ನಾನೇ ಬಂದು ಕೊಡುತ್ತೇನೆ’ ಎಂಬಲ್ಲಿ ‘ಮೈಸೆಲ್ಫ್’ ಬೇಕು: ‘ಐ ವಿಲ್ ಬ್ರಿಂಗ್ ಇಟ್ ಮೈಸೆಲ್ಫ್’. ‘ಅದೇ ಬಸ್ಸು’ ಎಂಬುದಕ್ಕೆ ‘ದ ಸೇಮ್ ಬಸ್’. ‘ಅದಕ್ಕೇ ಬಂದೆ’ ಎಂಬುದಕ್ಕೆ ‘ದಟ್ಸ್ ವೈ ಐ ಕೇಮ್’. ‘ಸುಮ್ಮನೆ, ಹಾಗೇ’ ಎಂದು ನಾವು ಹೇಳುವುದನ್ನು ‘ಲೈಕ್ ದಟ್ ಓನ್ಲಿ’ ಎಂದು ಮಕ್ಕಳು ಹೇಳುತ್ತಾರೆ. ಅಲ್ಲಿ ‘ನೋ ಪರ್ಟಿಕ್ಯುಲರ್ ರೀಸನ್’ ಎಂದರೆ ಕೇಳುವವರಿಗೆ ವಿಷಯ ತಿಳಿಯುತ್ತದೆ.

‘ಇಲ್ಲ’ದ ಜೊತೆಗೆ ಬರುವ ‘ಏ’ ಇನ್ನೊಂದು ಬಗೆಯದು. ‘ಅವನು ಬರಲೇ ಇಲ್ಲ’ ಎಂಬುದನ್ನು ‘ಹಿ ಡಿಡ್ ನಾಟ್ ಕಮ್ ಓನ್ಲಿ’ ಎಂದೂ, ‘ನನಗೆ ಗೊತ್ತೇ ಇಲ್ಲ’ ಎಂಬುದನ್ನು ‘ಐ ಡೋಂಟ್ ನೋ ಓನ್ಲಿ’ ಎಂದೂ ಹೇಳುವುದು ನಮ್ಮಲ್ಲಿ ಬಹಳ ಸಾಮಾನ್ಯ. ಇಲ್ಲಿ ‘ಅಟ್ ಆಲ್’ ಬರಬೇಕು: ‘ಹಿ ಡಿಡ್ ನಾಟ್ ಕಮ್ ಅಟ್ ಆಲ್’. ಎರಡನೆಯದಕ್ಕೆ ‘ಐ ಹ್ಯಾವ್ ನೋ ಐಡಿಯಾ’ ಎಂಬುದು ಇನ್ನೂ ಸಹಜ.

ಒಬ್ಬ ಹುಡುಗಿ ಕಾಲೇಜಿನ ಅಣಕು ಸಂದರ್ಶನದಲ್ಲಿ, ಎದುರು ಕೂತವರು ತಮ್ಮ ಊರು ತೀರ್ಥಹಳ್ಳಿ ಎಂದಾಗ ಸಂತೋಷದಿಂದ ‘ಐ ಆಮ್ ಆಲ್ಸೊ ಫ್ರಮ್ ತೀರ್ಥಹಳ್ಳಿ ಓನ್ಲಿ’ ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ‘ನಾನೂ ತೀರ್ಥಹಳ್ಳಿಯವಳೇ’ ಎಂಬ ಚೆಂದದ ಕನ್ನಡ ವಾಕ್ಯ. ಅದರಲ್ಲಿ ‘ನಾನೂ’ ಎಂಬ ಜೋಡಿಸುವ ಊಕಾರವೂ ಇದೆ, ‘ತೀರ್ಥಹಳ್ಳಿಯವಳೇ’ ಎಂದು ಒತ್ತುವ ಏಕಾರವೂ ಇದೆ. ಆದರೆ ಇಂಗ್ಲಿಷಿನಲ್ಲಿ ‘ಆಲ್ಸೊ’ ಬಾಗಿಲು ತೆರೆದು ಇನ್ನೊಬ್ಬರನ್ನು ಒಳಗೆ ಕರೆದರೆ, ‘ಓನ್ಲಿ’ ಅದೇ ಬಾಗಿಲನ್ನು ಮುಚ್ಚುತ್ತದೆ. ಎರಡೂ ಒಂದೇ ಉಸಿರಿನಲ್ಲಿ ಬಂದರೆ ಕೇಳಿದವರಿಗೆ ಯಾವುದನ್ನು ನಂಬಬೇಕೆಂದು ತಿಳಿಯದು. ‘ಐ ಆಮ್ ಫ್ರಮ್ ತೀರ್ಥಹಳ್ಳಿ ಟೂ’ ಎಂದಿದ್ದರೆ ಅವಳ ಸಂತೋಷ ಪೂರ್ತಿಯಾಗಿ ತಲುಪುತ್ತಿತ್ತು.

ಜಾಗವನ್ನು ಒತ್ತಿ ಹೇಳಬೇಕಾದಾಗ ಇಂಗ್ಲಿಷಿಗೆ ಒಂದು ಸೊಗಸಾದ ವಾಕ್ಯರಚನೆ ಇದೆ. ‘ತುಂಗೆಯೂ ಭದ್ರೆಯೂ ಸೇರುವುದು ಕೂಡಲಿಯಲ್ಲೇ’ ಎಂದು ಶಿವಮೊಗ್ಗದ ಮಗು ಬರೆಯಬೇಕಾದರೆ ‘ಇಟ್ ಈಸ್ ಅಟ್ ಕೂಡಲಿ ದಟ್ ದ ತುಂಗಾ ಅಂಡ್ ದ ಭದ್ರಾ ಮೀಟ್’ ಎನ್ನಬೇಕು. ‘ಇಟ್ ಈಸ್’ ಎಂದು ಆರಂಭಿಸಿ, ಒತ್ತಬೇಕಾದುದನ್ನು ಅದರ ನಂತರ ಇಟ್ಟು, ಉಳಿದುದನ್ನು ‘ದಟ್’ ಎಂಬುದರ ನಂತರ ಕಟ್ಟುವ ಈ ಕ್ರಮ, ನನ್ನ ಅನುಭವದಲ್ಲಿ, ಕನ್ನಡದ ‘ಏ’ಗೆ ಎಲ್ಲಕ್ಕಿಂತ ಹತ್ತಿರದ್ದು. ನಮ್ಮಲ್ಲಿ ಕೂಡ ‘ಸೇರುವುದು ಕೂಡಲಿಯಲ್ಲೇ’ ಎಂದು ಕ್ರಿಯೆಯನ್ನು ಮುಂದಕ್ಕೆ ತಂದು, ಒತ್ತಬೇಕಾದ ಜಾಗವನ್ನು ಕೊನೆಗೆ ಇಡುತ್ತೇವಲ್ಲ, ಅದರ ಕನ್ನಡಿಯ ಬಿಂಬದಂತೆ ಇದಿದೆ.

ಕಾಲದ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ನಿಜವಾದ ಹಾನಿಯಾಗುವುದು ಅಲ್ಲಿ. ಇಂಗ್ಲಿಷಿನಲ್ಲಿ ‘ಶಿಮೊಗ’ ಎಂದು ಬರೆಯುತ್ತಿದ್ದ ನಮ್ಮ ಊರಿನ ಹೆಸರು ಅಧಿಕೃತವಾಗಿ ‘ಶಿವಮೊಗ್ಗ’ ಎಂದಾದದ್ದು 2014ರ ನವೆಂಬರ್ 1ರಂದು. ಈ ಒಂದು ಸಂಗತಿಯನ್ನು ಎರಡು ಬಗೆಯಲ್ಲಿ ಹೇಳಬಹುದು. ‘ಹೆಸರು 2014ರಲ್ಲೇ ಬದಲಾಯಿತು’ ಎಂದರೆ, ಇನ್ನೂ ಹಳೆಯ ಹೆಸರನ್ನೇ ಬರೆಯುತ್ತಿದ್ದೀರಲ್ಲ, ಅದು ಎಂದೋ ಬದಲಾಗಿದೆ ಎಂಬ ಧ್ವನಿ. ‘ಹೆಸರು 2014ರಲ್ಲಷ್ಟೇ ಬದಲಾಯಿತು’ ಎಂದರೆ, ಜನರ ಬಾಯಲ್ಲಿ ಎಂದಿನಿಂದಲೋ ಇದ್ದ ಹೆಸರು ಕಾಗದದ ಮೇಲೆ ಬರಲು ಅಷ್ಟು ಕಾಲ ಹಿಡಿಯಿತು ಎಂಬ ಧ್ವನಿ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ಆ್ಯಸ್ ಅರ್ಲಿ ಆ್ಯಸ್ 2014’ ಅಥವಾ ‘ಬ್ಯಾಕ್ ಇನ್ 2014’ ಬೇಕು. ಎರಡನೆಯದಕ್ಕೆ ಮಾತ್ರ ‘ಓನ್ಲಿ ಇನ್ 2014’ ಸರಿಹೊಂದುತ್ತದೆ. ಹಾಗೆಯೇ ‘ನಿನ್ನೆಯೇ ಬಂದೆ’ ಬೇರೆ, ‘ನಿನ್ನೆಯಷ್ಟೇ ಬಂದೆ’ ಬೇರೆ. ‘ಐ ಕೇಮ್ ಓನ್ಲಿ ಯೆಸ್ಟರ್ಡೇ’ ಎಂಬುದು ಎರಡನೆಯದು. ‘ಈಗಲೇ’ ಎಂಬುದಕ್ಕೆ ‘ರೈಟ್ ನೌ’, ‘ಈಗಷ್ಟೇ’ ಎಂಬುದಕ್ಕೆ ‘ಜಸ್ಟ್ ನೌ’ ಅಥವಾ ‘ಓನ್ಲಿ ಜಸ್ಟ್’. ಕನ್ನಡ ಇಷ್ಟು ಸೂಕ್ಷ್ಮವಾಗಿ ‘ಏ’ಯನ್ನೂ ‘ಅಷ್ಟೇ’ಯನ್ನೂ ಬೇರೆ ಮಾಡಿ ಇಟ್ಟಿರುವಾಗ, ಅನುವಾದಿಸುವಾಗ ನಾವು ಎರಡನ್ನೂ ಒಂದೇ ಚೀಲಕ್ಕೆ ತುಂಬುವುದು ನಮ್ಮ ಭಾಷೆಗೂ ಮಾಡುವ ಅನ್ಯಾಯವೆಂದು ನಾನು ತಿಳಿಯುತ್ತೇನೆ.

ಇಷ್ಟು ಅರ್ಥದ ಮಾತಾಯಿತು. ಇನ್ನು ಜಾಗದ ಮಾತು. ಕನ್ನಡದಲ್ಲಿ ‘ಮಾತ್ರ’, ‘ಅಷ್ಟೇ’, ‘ಏ’ ಮೂರೂ ತಾವು ಹಿಡಿಯುವ ಪದದ ಹಿಂದೆ ಬರುತ್ತವೆ. ಅಡಿಕೆಯ ಒಂದು ಬಗೆಯಾದ ‘ರಾಶಿ’ಯನ್ನೇ ತೆಗೆದುಕೊಂಡರೆ: ರಾಶಿ ಮಾತ್ರ, ರಾಶಿಯಷ್ಟೇ, ರಾಶಿಯೇ. ಇಂಗ್ಲಿಷಿನ ‘ಓನ್ಲಿ’ ಸಾಮಾನ್ಯವಾಗಿ ತಾನು ಹಿಡಿಯುವ ಪದದ ಮುಂದೆ ನಿಲ್ಲುತ್ತದೆ. ಈ ತಿರುವನ್ನು ನೆನಪಿಡಲು ಬೇರೆಲ್ಲಿಗೂ ಹೋಗಬೇಕಿಲ್ಲ; ನಮ್ಮಲ್ಲಿಯೇ ‘ಬರೀ’ ಮತ್ತು ‘ಕೇವಲ’ ಎಂಬ ಎರಡು ಪದಗಳು ಮುಂದೆ ನಿಲ್ಲುವಂಥವು. ‘ಬರೀ ಮಜ್ಜಿಗೆ ಕುಡಿದೆ’, ‘ಕೇವಲ ಹತ್ತು ನಿಮಿಷ’ ಎಂದು ಹೇಳುತ್ತೇವಷ್ಟೆ. ವಾಕ್ಯವನ್ನು ಮೊದಲು ‘ಬರೀ’ ಹಾಕಿ ಮನಸ್ಸಿನಲ್ಲಿ ಹೇಳಿಕೊಂಡು, ಆಮೇಲೆ ಇಂಗ್ಲಿಷಿಗೆ ತಂದರೆ ‘ಓನ್ಲಿ’ ತನ್ನ ಜಾಗಕ್ಕೆ ತಾನೇ ಹೋಗಿ ಕೂರುತ್ತದೆ.

ಜಾಗ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಹತ್ತಿರದಿಂದ ನೋಡಬಹುದು. ‘ಮೈ ಅಂಕಲ್ ಸೋಲ್ಡ್ ರಾಶಿ ಟು ದ ಸೊಸೈಟಿ ಆನ್ ಮಂಡೇ’ ಎಂಬುದನ್ನು ತೆಗೆದುಕೊಳ್ಳಿ; ಮಾವ ಸೋಮವಾರ ಸೊಸೈಟಿಗೆ ರಾಶಿ ಅಡಿಕೆ ಮಾರಿದರು. ‘ಓನ್ಲಿ’ಯನ್ನು ವಾಕ್ಯದ ತಲೆಯ ಮೇಲೆ ಇಟ್ಟು ‘ಓನ್ಲಿ ಮೈ ಅಂಕಲ್’ ಎಂದರೆ ಊರಿನಲ್ಲಿ ಉಳಿದ ಯಾರೂ ಮಾರಲಿಲ್ಲ, ದರ ಏರುತ್ತದೆಂದು ಕಾದು ಕೂತರು, ಮಾವ ಮಾತ್ರ ಮಾರಿದರು ಎಂದಾಗುತ್ತದೆ. ಒಂದು ಹೆಜ್ಜೆ ಮುಂದಿಟ್ಟು ‘ಮೈ ಓನ್ಲಿ ಅಂಕಲ್’ ಎಂದರೆ ಅದು ಕ್ರಿಯಾವಿಶೇಷಣವೇ ಅಲ್ಲದೆ ನಾಮಪದಕ್ಕೆ ವಿಶೇಷಣವಾಗಿ, ನನಗೆ ಇರುವವರೇ ಒಬ್ಬರು ಮಾವ ಎಂಬ ಸಂಸಾರದ ವಿಷಯ ಹೇಳುತ್ತದೆ. ‘ಓನ್ಲಿ ಸೋಲ್ಡ್’ ಎಂದು ಕ್ರಿಯಾಪದಕ್ಕೆ ಅಂಟಿಸಿದರೆ, ಬರವಣಿಗೆಯಲ್ಲಿ ಓದುವವರಿಗೆ, ಮಾರಿದ್ದಷ್ಟೇ, ಹಣ ಇನ್ನೂ ಕೈಗೆ ಬಂದಿಲ್ಲ ಎಂಬಂಥ ಅರ್ಥವೂ ತೋರಬಹುದು. ‘ಸೋಲ್ಡ್ ಓನ್ಲಿ ರಾಶಿ’ ಎಂದರೆ ಅಡಿಕೆಯ ಉಳಿದ ಬಗೆಗಳಾದ ಬೆಟ್ಟೆ, ಗೊರಬಲು, ಸರಕು ಇನ್ನೂ ಮನೆಯ ಅಟ್ಟದಲ್ಲಿವೆ. ‘ಓನ್ಲಿ ಟು ದ ಸೊಸೈಟಿ’ ಎಂದರೆ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಕೊಡಲಿಲ್ಲ. ‘ಓನ್ಲಿ ಆನ್ ಮಂಡೇ’ ಎಂದರೆ ಸೋಮವಾರದವರೆಗೆ ತಡೆದರು. ಪದಗಳು ಅವೇ, ಮಾರಿದ ಅಡಿಕೆಯೂ ಅದೇ. ಒಂದು ಪದ ಅತ್ತಿತ್ತ ಸರಿದಂತೆ ಆರು ಬೇರೆ ಬೇರೆ ಸುದ್ದಿಗಳು. ಅಡಿಕೆ ಬೆಳೆಯುವ ಮನೆಯ ಮಕ್ಕಳಿಗೆ ಈ ವಾಕ್ಯವನ್ನು ಕೊಟ್ಟಾಗ ಅವರು ಆರೂ ಅರ್ಥಗಳನ್ನು ಕ್ಷಣದಲ್ಲಿ ಬಿಡಿಸುತ್ತಾರೆ. ದೂರದ ದೇಶದ ರಾಜಕುಮಾರರ ವಾಕ್ಯ ಕೊಟ್ಟರೆ ತಡವರಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಇಂಗ್ಲಿಷನ್ನು ತಾಯಿನುಡಿಯಾಗಿ ಆಡುವವರು ಮಾತಿನಲ್ಲಿ ‘ಓನ್ಲಿ’ಯನ್ನು ಹೆಚ್ಚಾಗಿ ಕ್ರಿಯಾಪದದ ಮುಂದೆಯೇ ಇಡುತ್ತಾರೆ. ‘ಐ ಓನ್ಲಿ ಹ್ಯಾವ್ ಟೆನ್ ರುಪೀಸ್’ ಎಂದು ಹೇಳಿ, ‘ಟೆನ್’ ಎಂಬಲ್ಲಿ ಧ್ವನಿಯನ್ನು ಒತ್ತುತ್ತಾರೆ. ‘ಓನ್ಲಿ’ ಯಾವುದನ್ನು ಹಿಡಿದಿದೆ ಎಂಬುದು ಆ ಒತ್ತಿನಿಂದ ತಿಳಿಯುತ್ತದೆ. ಇದು ತಪ್ಪೆಂದು ಹೇಳಿದ ವ್ಯಾಕರಣಕಾರರು ಹದಿನೆಂಟನೆಯ ಶತಮಾನದಿಂದ ಇದ್ದಾರೆ. 1926ರಲ್ಲಿ ಫೌಲರ್ ಎಂಬ ಇಂಗ್ಲಿಷ್ ಭಾಷಾವಿದ್ವಾಂಸರು ಇದನ್ನು ಸಮರ್ಥಿಸಿ, ಅರ್ಥಕ್ಕೆ ಭಂಗವಿಲ್ಲದಾಗ ಈ ಸಹಜ ಕ್ರಮವನ್ನು ತಿದ್ದಹೋಗುವುದು ಬೇಡ ಎಂಬ ನಿಲುವು ತಳೆದರು. ಅವರ ಮಾತು ಸರಿ ಎಂದು ನನಗೂ ಅನಿಸುತ್ತದೆ, ಆದರೆ ಕಾಗದದ ಮೇಲೆ ಧ್ವನಿಯ ಒತ್ತು ಕಾಣುವುದಿಲ್ಲ. ಆದ್ದರಿಂದ ಮಾತಿನಲ್ಲಿ ‘ಐ ಓನ್ಲಿ ಹ್ಯಾವ್’ ಎಂದವರನ್ನು ತಿದ್ದುವ ಅಗತ್ಯವಿಲ್ಲ. ಅರ್ಜಿಯಲ್ಲಿ, ಕರಾರಿನಲ್ಲಿ, ಪರೀಕ್ಷೆಯ ಉತ್ತರದಲ್ಲಿ ಬರೆಯುವಾಗ ಮಾತ್ರ ‘ಐ ಹ್ಯಾವ್ ಓನ್ಲಿ ಟೆನ್ ರುಪೀಸ್’ ಎಂದು, ಹಿಡಿಯಬೇಕಾದ ಪದದ ಮಗ್ಗುಲಲ್ಲಿಯೇ ಇಡುವುದು ಕ್ಷೇಮ. ‘ಈಸ್’, ‘ವಾಸ್’ ಎಂಬ ಕ್ರಿಯಾಪದಗಳಿದ್ದರೆ ಅದು ಅವುಗಳ ನಂತರ ಬರುತ್ತದೆ: ‘ಶಿ ಈಸ್ ಓನ್ಲಿ ಟೆನ್’.

ಮಕ್ಕಳು ವಾಕ್ಯದ ಕೊನೆಗೆ ‘ಓನ್ಲಿ’ ಸೇರಿಸಲು ಕನ್ನಡದ ಪ್ರಭಾವದ ಜೊತೆಗೆ ಇನ್ನೊಂದು ಕಾರಣವನ್ನೂ ನಾನು ಕಂಡಿದ್ದೇನೆ. ನಮ್ಮ ಕಣ್ಣಿಗೆ ದಿನವೂ ಬೀಳುವ ಇಂಗ್ಲಿಷ್ ಫಲಕಗಳಲ್ಲಿ ಅದು ಕೊನೆಗೇ ಇರುತ್ತದೆ: ‘ಲೇಡೀಸ್ ಓನ್ಲಿ’, ‘ಕ್ಯಾಶ್ ಓನ್ಲಿ’. ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದು ಕೊನೆಗೆ ‘ಓನ್ಲಿ’ ಎಂದು ಬರೆಯುತ್ತೇವೆ, ಕನ್ನಡದಲ್ಲಾದರೆ ‘ಮಾತ್ರ’ ಎಂದು. ಇವೆಲ್ಲವೂ ಸರಿಯೇ. ಚೆಕ್ಕಿನ ‘ಓನ್ಲಿ’ ಮೊತ್ತದ ನಂತರ ಇನ್ನೊಂದು ಪದ ಸೇರಿಸಲು ಜಾಗವಿಲ್ಲದಂತೆ ಬಾಗಿಲು ಹಾಕುತ್ತದೆ. ಆ ಕೆಲಸಕ್ಕೆ ಅದು ಕೊನೆಗೇ ಇರಬೇಕು. ಆದರೆ ಫಲಕಗಳು, ಚೆಕ್ಕಿನ ಸಾಲುಗಳು ಪೂರ್ಣ ವಾಕ್ಯಗಳಲ್ಲ, ಅವುಗಳಲ್ಲಿ ಕ್ರಿಯಾಪದವಿಲ್ಲ. ಅವುಗಳ ಕ್ರಮವನ್ನು ವಾಕ್ಯಕ್ಕೆ ತಂದಾಗ ಮಾತ್ರ ತೊಡಕು.

ಇನ್ನು ಸ್ವಲ್ಪ ಮೇಲಿನ ತರಗತಿಯವರಿಗೆ ಕಷ್ಟವಾಗುವ ಒಂದು ನಿಯಮವಿದೆ. ಕಾಲ, ಜಾಗ, ಷರತ್ತು ಇವುಗಳನ್ನು ಹೇಳುವ ಭಾಗದ ಜೊತೆ ‘ಓನ್ಲಿ’ ವಾಕ್ಯದ ಆರಂಭಕ್ಕೆ ಬಂದರೆ, ಮುಂದಿನ ಮುಖ್ಯ ವಾಕ್ಯದಲ್ಲಿ ಪ್ರಶ್ನೆ ಕೇಳುವಾಗಿನಂತೆ ಸಹಾಯಕ ಕ್ರಿಯಾಪದ ಕರ್ತೃವಿನ ಮುಂದಕ್ಕೆ ಬರುತ್ತದೆ. ‘ಮಳೆ ನಿಂತ ಮೇಲಷ್ಟೇ ಬಸ್ಸು ಆಗುಂಬೆ ಬಿಟ್ಟಿತು’ ಎಂಬುದನ್ನು ನೇರವಾಗಿ ‘ದ ಬಸ್ ಲೆಫ್ಟ್ ಆಗುಂಬೆ ಓನ್ಲಿ ಆಫ್ಟರ್ ದ ರೇನ್ ಸ್ಟಾಪ್ಡ್’ ಎಂದು ಬರೆಯಬಹುದು. ಅದರಲ್ಲಿ ಏನೂ ತೊಡಕಿಲ್ಲ. ಮಳೆಯನ್ನು ಮುಂದಕ್ಕೆ ತಂದರೆ ‘ಓನ್ಲಿ ಆಫ್ಟರ್ ದ ರೇನ್ ಸ್ಟಾಪ್ಡ್ ಡಿಡ್ ದ ಬಸ್ ಲೀವ್ ಆಗುಂಬೆ’ ಎಂದಾಗಬೇಕು. ‘ದ ಬಸ್ ಲೆಫ್ಟ್’ ಎಂಬುದು ‘ಡಿಡ್ ದ ಬಸ್ ಲೀವ್’ ಎಂದು ತಿರುಗಿತು, ಆದರೆ ಪ್ರಶ್ನಾರ್ಥಕ ಚಿಹ್ನೆ ಇಲ್ಲ. ತಿರುಗುವುದು ಮುಖ್ಯ ವಾಕ್ಯ ಮಾತ್ರ. ‘ದ ರೇನ್ ಸ್ಟಾಪ್ಡ್’ ಎಂಬ ಉಪವಾಕ್ಯ ಇದ್ದಂತೆಯೇ ಇರುತ್ತದೆ. ಜೋಗದ ಬಗ್ಗೆ ಬರೆಯುವಾಗ ‘ಓನ್ಲಿ ಇನ್ ದ ಮಾನ್ಸೂನ್ ಡು ವಿ ಸೀ ಜೋಗ್ ಇನ್ ಇಟ್ಸ್ ಫುಲ್ ಫೋರ್ಸ್’ ಎನ್ನುವುದೂ ಇದೇ ನಿಯಮದಿಂದ. ಕನ್ನಡದಲ್ಲಿ ಇಂಥ ತಿರುವು ಇಲ್ಲವಾದ್ದರಿಂದ ಇದನ್ನು ಕಿವಿಯಿಂದ ಕಲಿಯಲಾಗುವುದಿಲ್ಲ. ಬರೆದು ಬರೆದು ಕೈಗೆ ಅಭ್ಯಾಸ ಮಾಡಿಸಬೇಕು. ಒಮ್ಮೆ ಕಲಿತ ಉತ್ಸಾಹದಲ್ಲಿ ‘ಓನ್ಲಿ ಡಿಡ್ ಮೈ ಅಂಕಲ್ ಕಮ್’ ಎಂದು ಬರೆಯುವವರೂ ಇದ್ದಾರೆ. ‘ಓನ್ಲಿ’ ಕರ್ತೃವನ್ನೇ ಹಿಡಿದಿದ್ದರೆ ಏನೂ ತಿರುಗುವುದಿಲ್ಲ: ‘ಓನ್ಲಿ ಮೈ ಅಂಕಲ್ ಕೇಮ್’.

‘ನಾಟ್ ಓನ್ಲಿ’ ಮತ್ತು ‘ಬಟ್ ಆಲ್ಸೊ’ ಜೋಡೆತ್ತುಗಳಂತೆ. ಎರಡರ ನಂತರವೂ ಒಂದೇ ಬಗೆಯ ಪದವನ್ನು ಹೂಡಬೇಕು. ‘ವಿ ಗ್ರೋ ನಾಟ್ ಓನ್ಲಿ ಅರೆಕಾ ಬಟ್ ಆಲ್ಸೊ ಪೆಪ್ಪರ್’ ಎಂದರೆ ಎರಡು ಕಡೆಯೂ ಬೆಳೆಯ ಹೆಸರು ಬಂತು. ಅಡಿಕೆ ಬೆಳೆಯುವುದಷ್ಟೇ ಅಲ್ಲದೆ ಸುಲಿದು ಬೇಯಿಸಿ ಒಣಗಿಸುವುದೂ ನಾವೇ ಎಂದು ಹೇಳಬೇಕಾದರೆ ‘ನಾಟ್ ಓನ್ಲಿ ಗ್ರೋ’ ಎಂದು ಕ್ರಿಯಾಪದದ ಮುಂದೆ ಇಟ್ಟು, ಆ ಕಡೆಯೂ ‘ಬಟ್ ಆಲ್ಸೊ ಪ್ರಾಸೆಸ್’ ಎಂದು ಕ್ರಿಯಾಪದವನ್ನೇ ತರಬೇಕು.

‘ಓನ್ಲಿ ಇಫ್’ ಮತ್ತು ‘ಇಫ್ ಓನ್ಲಿ’ ನೋಡಲು ಅಣ್ಣತಮ್ಮಂದಿರಂತಿದ್ದರೂ ಸಂಬಂಧವಿಲ್ಲದವು. ಅಡಿಕೆಗೆ ಬರುವ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಎಂಬ ಔಷಧಿ ಹೊಡೆಯಬೇಕಾದ ದಿನಗಳಲ್ಲಿ ಮಳೆ ಬಿಡುವು ಕೊಡದಿದ್ದರೆ ಎರಡನ್ನೂ ಒಂದೇ ಮನೆಯಲ್ಲಿ ಕೇಳಬಹುದು. ‘ಮಳೆ ನಿಂತರೆ ಮಾತ್ರ ಔಷಧಿ ಹೊಡೆಯುವುದು’ ಎಂಬುದು ಷರತ್ತು: ‘ವಿ ವಿಲ್ ಸ್ಪ್ರೇ ಓನ್ಲಿ ಇಫ್ ದ ರೇನ್ ಸ್ಟಾಪ್ಸ್’. ಜಗಲಿಯಲ್ಲಿ ಕೂತು ಆಕಾಶ ನೋಡುತ್ತ ‘ಒಂದು ನಾಲ್ಕು ದಿನ ಮಳೆ ನಿಂತಿದ್ದರೆ ಸಾಕಿತ್ತು’ ಎಂದು ಉಸಿರು ಬಿಡುವುದು ಹಂಬಲ: ‘ಇಫ್ ಓನ್ಲಿ ದ ರೇನ್ ವುಡ್ ಸ್ಟಾಪ್’.

ಇಷ್ಟೆಲ್ಲ ಹೇಳಿದ ಮೇಲೆಯೂ, ‘ಐ ಆಮ್ ಲೈಕ್ ದಿಸ್ ಓನ್ಲಿ’ ಎನ್ನುವವರನ್ನು ಕಂಡು ನಗುವವರ ಪಕ್ಷಕ್ಕೆ ನಾನು ಸೇರುವವನಲ್ಲ. ಹಿಂದಿಯ ‘ಹೀ’, ತಮಿಳಿನ ‘ತಾನ್’, ಮರಾಠಿಯ ‘ಚ’ ಇವೆಲ್ಲವೂ ಪದದ ಹಿಂದೆ ಬಂದು ಒತ್ತುವಂಥವು. ಆದ್ದರಿಂದ ಈ ಬಳಕೆ ಭಾರತದ ಇಂಗ್ಲಿಷಿನಲ್ಲಿ ಎಲ್ಲೆಡೆ ಬೇರೂರಿದೆ, ಭಾಷಾವಿಜ್ಞಾನಿಗಳು ಅದನ್ನು ನಮ್ಮ ಇಂಗ್ಲಿಷಿನ ಒಂದು ಲಕ್ಷಣವೆಂದೇ ಗುರುತಿಸಿದ್ದಾರೆ. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ‘ಬಸ್ ವಿಲ್ ಕಮ್ ಹಿಯರ್ ಓನ್ಲಿ’ ಎಂದರೆ ಕೇಳಿದವರಾರೂ ಬೇರೆ ಅರ್ಥ ಮಾಡಿಕೊಳ್ಳುವುದಿಲ್ಲ, ಏಕೆಂದರೆ ಅವರ ಮನಸ್ಸಿನಲ್ಲಿಯೂ ಅದೇ ‘ಏ’ ಇದೆ. ಆ ‘ಏ’ ಇಲ್ಲದವರಿಗೆ ಬರೆಯುವಾಗ, ಅದರಲ್ಲಿಯೂ ದಿನಾಂಕ, ಹಣ, ಷರತ್ತು ಇರುವ ವಾಕ್ಯಗಳನ್ನು ಬರೆಯುವಾಗ, ಒಂದು ಕ್ಷಣ ನಿಂತು ‘ಮಾತ್ರ’ ಇಟ್ಟು ನೋಡಿ ಎಂದಷ್ಟೇ ನಾನು ಮಕ್ಕಳಿಗೆ ಹೇಳುವುದು.

ಆ ದಿನ ನಾವಿಬ್ಬರೂ ಕೂತು ಆ ಸಂಸ್ಥೆಗೆ ಹೊಸ ಉತ್ತರ ಬರೆದೆವು. ಮೊದಲು ಅವನು ‘ಓನ್ಲಿ’ಯನ್ನು ಅಳಿಸಿ ಅದರ ಜಾಗದಲ್ಲಿ ‘ಇಟ್‌ಸೆಲ್ಫ್’ ಹಾಕಿದ. ಅದೂ ಅದೇ ‘ಏ’ಯ ಇನ್ನೊಂದು ವೇಷ ಎಂದು ಹೇಳಿ ತೆಗೆಸಿದೆ. ‘ಬೇಗ ಕಳಿಸಿದೆ ಅಂತ ಹೇಳಬೇಕಲ್ಲವಾ ಮಾರಾಯ, ಎಷ್ಟು ಬೇಗ ಅನ್ನೋದನ್ನೇ ಬರಿ’ ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಅವನು ಬರೆದ ವಾಕ್ಯ ಹೀಗಿತ್ತು: ‘ಐ ಸೆಂಟ್ ದ ಮಾರ್ಕ್ಸ್ ಕಾರ್ಡ್ಸ್ ಆನ್ ದ ಟೆಂತ್, ಟೂ ಡೇಸ್ ಆಫ್ಟರ್ ಯುವರ್ ಲೆಟರ್ ಕೇಮ್.’ ಒಮ್ಮೆ ಓದಿಕೊಂಡು, ‘ಇದ್ರಲ್ಲಿ ನಮ್ಮ ಏ ಎಲ್ಲಿದೆ ಮೇಷ್ಟ್ರೇ?’ ಎಂದು ಕೇಳಿದ. ‘ಟೂ ಡೇಸ್ ಆಫ್ಟರ್’ ಎಂಬಲ್ಲಿ ಬೆರಳಿಟ್ಟು ತೋರಿಸಿದೆ.